ನಲವತ್ತೊಂದನೇ ಹೆಸರು

“ಲೇ ಕೋಮಲ, ನಿನ್ ಚಾರ್ಟು ನೊರೆ ಬಿಡ್ತದಾ?”

ಹೇಮಂತ್ ಹೀಗೆ ಕೇಳಿದ್ದೇ ತಡ, ಅಕ್ಕಪಕ್ಕದ ಟೇಬಲ್ಲಿನವರೆಲ್ಲ ಕಿಸಕ್ಕನೆ ನಕ್ಕರು. ಅವನ ಮುಂದೆ ಮಣ್ಣಿನ ಜ್ವಾಲಾಮುಖಿ ಬುಸುಬುಸು ಎಂದು ಕೆಂಪು ನೊರೆ ಕಕ್ಕುತ್ತಿತ್ತು. ಕೋಮಲಳ ಮುಂದೆ ಇದ್ದದ್ದು ಒಂದು ಚಾರ್ಟು, ಒಂದು ನೋಟ್‌ಬುಕ್ಕು, ಅಷ್ಟೆ.

“ಬಿಡಲ್ಲ. ನಿನ್ ಬೆಟ್ಟದಂಗೆ ವಾಂತಿನೂ ಮಾಡ್ಕಳಲ್ಲ,” ಎಂದಳು ಕೋಮಲ.

ನಗು ಹೇಮಂತನ ಕಡೆಗೆ ತಿರುಗಿತು.

ಯಳಂದೂರಿನ ಶಾಲೆಯಲ್ಲಿ ಅಂದು ವಿಜ್ಞಾನ ವಸ್ತುಪ್ರದರ್ಶನ. ಇನ್ನು ಅರ್ಧ ಗಂಟೆಗೆ ತೀರ್ಪುಗಾರರು ಬರುವವರಿದ್ದರು. ಅಷ್ಟರಲ್ಲಿ ವಿಜ್ಞಾನದ ಪ್ರಭುಸ್ವಾಮಿ ಸರ್ ಬಂದು, ಕೋಮಲಳ ಚಾರ್ಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

ಆ ಚಾರ್ಟು ಶುರುವಾದದ್ದು ಕೋಮಲಳ ಮನೆಯ ರೇಷ್ಮೆ ಹುಳುಗಳಿಂದ. ಹೋದ ತಿಂಗಳು ಹುಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಸೆಟೆದುಕೊಂಡು ಸಾಯತೊಡಗಿದ್ದವು.

“ಮೊಬೈಲಲ್ಲಿ ನೋಡವ್ವ, ಯಾಕಿಂಗಾಯ್ತದೆ ಅಂತ,” ಎಂದಿದ್ದಳು ಅವ್ವ.

ಕೋಮಲ ಆನ್‌ಲೈನ್ ವಿಶ್ವಕೋಶ ತೆರೆದಳು. ಕನ್ನಡದ ಪುಟದಲ್ಲಿ ನಾಲ್ಕೇ ಸಾಲು. ರೇಷ್ಮೆ ಹುಳು ಒಂದು ಕೀಟ ಎಂದು ಶುರುವಾಗಿ ಅಲ್ಲಿಗೇ ಮುಗಿದಿತ್ತು. ಅದನ್ನು ಅವ್ವನಿಗೆ ಯಾರಾದರೂ ಹೇಳಿಕೊಡಬೇಕಿತ್ತೇ? ಇಂಗ್ಲಿಷ್ ಪುಟವೋ, ಬೆರಳಲ್ಲಿ ಎಳೆದಷ್ಟೂ ಮುಗಿಯದು. ಆದರೆ ಓದಿದರೆ ಒಂದಕ್ಷರ ತಲೆಗೆ ಹೋಗದು.

ನನಗೊಬ್ಬಳಿಗೇ ಹೀಗಾ, ಎಲ್ಲರಿಗೂ ಹೀಗಾ? ಕೋಮಲ ನೋಟ್‌ಬುಕ್ಕು ಹಿಡಿದು ಶಾಲೆಯ ನಲವತ್ತು ಮಕ್ಕಳನ್ನು ಕೇಳಿದಳು. ಕನ್ನಡ ವಿಶ್ವಕೋಶದಲ್ಲಿ ಹುಡುಕಿದ್ದೀಯಾ? ಬೇಕಾದ್ದು ಸಿಕ್ಕಿತಾ? ಹುಡುಕಿದವರು ಒಂಬತ್ತು. ಅವರಲ್ಲಿ ಸಿಗಲಿಲ್ಲ ಎಂದವರು ಏಳು. ಹುಡುಕಿಯೇ ಇಲ್ಲದವರು ಮೂವತ್ತೊಂದು.

ಸರ್ ಆ ಕೊನೆಯ ಸಂಖ್ಯೆಯ ಮೇಲೆ ಬೆರಳಿಟ್ಟರು. “ಇದ್ಯಾಕಮ್ಮ ಮೂವತ್ತೊಂದು? ಪೇಪರ್ ಅಂಟಿಸಿ ಮುಚ್ಚು. ‘ಕನ್ನಡದಲ್ಲಿ ಏನೂ ಇಲ್ಲ, ಕನ್ನಡ ಉಳಿಸಿ’ ಅಂತ ದೊಡ್ಡದಾಗಿ ಬರಿ. ಪ್ರೈಜು ಗ್ಯಾರಂಟಿ.”

“ಅಂಗಂತ ಯಾರೂ ಯೋಳಿಲ್ಲ ಸಾ.”

“ಹೇಳದಿದ್ರೆ ಏನೀಗ?”

“ನಾನ್ ಬರಿಯಲ್ಲ ಸಾ.”

ಕೋಮಲ ಟೇಬಲ್ಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

“ಸರಿ. ತೀರ್ಪಿಗೆ ಬರೋ ಮೇಡಂ ಒಪ್ಪದಿದ್ರೆ ಈ ಟೇಬಲ್ ಎತ್ತಿಸ್ತೀನಿ. ಜ್ವಾಲಾಮುಖಿಗೆ ಜಾಗ ಸಾಲ್ತಿಲ್ಲ.” ಸರ್ ದುಡುದುಡು ಹೊರಟುಹೋದರು.

ಹೇಮಂತ್ ಹತ್ತಿರ ಬಂದ. ಅವನ ಮುಖದಲ್ಲಿ ಈಗ ನಗುವಿರಲಿಲ್ಲ. “ಆ ಏಳು ಜನದಲ್ಲಿ ನಾನೂ ಇದ್ದೀನಾ?”

“ಇದ್ದೀಯ. ಜ್ವಾಲಾಮುಖಿ ಕನ್ನಡದಲ್ಲಿ ಸಿಕ್ನಿಲ್ಲ ಅಂದ್ಯಲ್ಲ.”

“ಸುಳ್ ಯೋಳ್ದೆ ಕಣಮ್ಮಿ. ನಾನು ಉಡುಕೇ ಇರ್ನಿಲ್ಲ. ಸಿಕ್ಕಲ್ಲ ಅನ್ಕಂಡು ಅಂಗಂದೆ.”

ಅವನ ಬೆಟ್ಟವನ್ನು ಎತ್ತಿ ಅವನ ತಲೆಗೇ ಸುರಿಯಬೇಕು ಎನಿಸಿತು ಕೋಮಲಳಿಗೆ. ಎರಡು ದಿನ ಕೂತು ಅಂದವಾಗಿ ಬರೆದಿದ್ದಳು! ಹಲ್ಲು ಕಚ್ಚಿಕೊಂಡು ಪೆನ್ನು ತೆಗೆದಳು. ಏಳನ್ನು ಹೊಡೆದು ಆರು ಮಾಡಿದಳು. ಒಂಬತ್ತು ಎಂಟಾಯಿತು, ಮೂವತ್ತೊಂದು ಮೂವತ್ತೆರಡಾಯಿತು.

ಪೆನ್ನು ಅಲ್ಲೇ ನಿಂತಿತು. ಉಳಿದ ಆರು ಜನ? ಅವರಾದರೂ ನಿಜವಾಗಿ ಹುಡುಕಿದ್ದರೇ? ಅವಳು ಕೇಳಿದ್ದಳು, ಅಷ್ಟೆ. ನೋಡಿರಲಿಲ್ಲ.

ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ಚಾಮರಾಜನಗರದ ಕಾಲೇಜಿನ ಸೌಮ್ಯ ಮೇಡಂ. ಅವರ ಹಿಂದೆ ಪ್ರಭುಸ್ವಾಮಿ ಸರ್, ಸರ್ ಹಿಂದೆ ಟೇಬಲ್ ಎತ್ತಲು ಇಬ್ಬರು ದೊಡ್ಡ ಹುಡುಗರು.

“ಮಾಡೆಲ್ ಎಲ್ಲಿ? ಏನಿದು ಗೀಚಿರೋದು?” ಎಂದರು ಮೇಡಂ.

“ತಪ್ಪಾಗಿತ್ತು ಮೇಡಂ. ಸರಿ ಮಾಡ್ದೆ.”

ಮೇಡಂ ಚಾರ್ಟು ಓದಿದರು. “ಇಂಥ ಸಂಶೋಧನೆ ಎಲ್ಲ ಆಗಿಹೋಗಿದೆ ಪುಟ್ಟ. ವಿಶ್ವಕೋಶ ಯಾರು ಓದ್ತಾರೆ, ಯಾಕೆ ಓದ್ತಾರೆ ಅಂತ ದೊಡ್ಡ ದೊಡ್ಡೋರೇ ಬರೆದಿದ್ದಾರೆ.”

“ಅದು ಇಂಗ್ಲಿಷಲ್ಲಿ ಓದೋರ್ದಲ್ವಾ ಮೇಡಂ? ನಮ್ದನ್ನ ಯಾರು ಕೇಳವ್ರೆ?”

ಪ್ರಭುಸ್ವಾಮಿ ಸರ್ ಜೋರಾಗಿ ಕೆಮ್ಮಿದರು. ಮೇಡಂ ಅಂಕ ಹಾಕುವ ಹಾಳೆಯಿಂದ ಪೆನ್ನೆತ್ತಿ ಚಾರ್ಟಿನ ಕಡೆ ಮತ್ತೆ ನೋಡಿದರು.

ಕೋಮಲ ನೋಟ್‌ಬುಕ್ಕು ತೆರೆದಳು. “ನೀವು ಮೊನ್ನೆ ಮೊನ್ನೆ ವಿಶ್ವಕೋಶದಲ್ಲಿ ಏನು ಹುಡುಕಿದ್ರಿ ಮೇಡಂ?”

“ನಾನಾ?” ಮೇಡಂ ತಬ್ಬಿಬ್ಬಾದರು. “ಮಗನಿಗೆ ಮಂಗನಬಾವು ಬಂದಿತ್ತು. ಅದನ್ನೇ.”

“ಯಾವ ಭಾಷೇಲಿ?”

“ಇಂಗ್ಲಿಷಲ್ಲಿ. ಕನ್ನಡದಲ್ಲಿ ಅದೆಲ್ಲ ಇರಲ್ಲ ಅಲ್ವಾ?”

“ನೋಡಿದ್ರಾ?”

“ಕೋಮಲಾ!” ಎಂದು ಗದರಿದರು ಸರ್. ಹುಡುಗರಿಗೆ ಕಣ್ಸನ್ನೆ ಮಾಡಿದರು. ಹುಡುಗರು ಟೇಬಲ್ಲಿನ ಎರಡು ತುದಿಗೆ ಬಂದು ನಿಂತರು.

ಕೋಮಲ ಜಗ್ಗಲಿಲ್ಲ. ನಲವತ್ತೊಂದು ಎಂದು ಬರೆದು, ಅದರ ಮುಂದೆ ‘ಸೌಮ್ಯ ಮೇಡಂ’ ಎಂದು ಸೇರಿಸಿದಳು. ಅವರು ಹುಡುಕದೆಯೇ ಸಿಗಲ್ಲ ಎಂದುಕೊಂಡಿದ್ದರು. ಹೇಮಂತನೂ ಹಾಗೇ. ಹುಡುಕಿಯೇ ಇಲ್ಲದ ಮೂವತ್ತೆರಡು ಮಕ್ಕಳಲ್ಲಿ ಎಷ್ಟು ಜನ ಹಾಗೇ?

“ಇರ್ಲಿ ಸರ್, ಟೇಬಲ್ ಇಲ್ಲೇ ಇರ್ಲಿ,” ಎಂದರು ಮೇಡಂ. ಬ್ಯಾಗಿನಿಂದ ಫೋನು ತೆಗೆದರು. ಕನ್ನಡದ ಕೀಬೋರ್ಡ್ ಎಲ್ಲಿದೆ ಎಂದು ತಡಕಾಡಿ, ಒಂದೊಂದೇ ಅಕ್ಷರ ಒತ್ತತೊಡಗಿದರು. ಮಂ... ಗ... ನ...

ಹೇಮಂತನಿಗೆ ತಡೆಯಲಾಗಲಿಲ್ಲ. “ಸಿಕ್ತಾ ಮೇಡಂ?”

“ಸುಮ್ಕಿರ್ಲಾ. ಕೇಳ್ಬ್ಯಾಡ, ನೋಡು,” ಎಂದಳು ಕೋಮಲ.

ಅವಳು ಟೇಬಲ್ ಸುತ್ತಿಕೊಂಡು ಬಂದು ಮೇಡಂ ಪಕ್ಕದಲ್ಲಿ ನಿಂತಳು. ಪೆನ್ನು ಹಿಡಿದು, ಕಣ್ಣು ಮಿಟುಕಿಸದೆ ಫೋನನ್ನೇ ನೋಡತೊಡಗಿದಳು.