ಲೆಕ್ಕಕ್ಕಿಲ್ಲದ ಮೊದಲ ಪ್ರಶ್ನೆ

ಆರು ವರ್ಷದಿಂದ ನಾನು ಆರೋಪಿಗಳ ಬೆರಳಿಗೆ ಸುಳ್ಳುಪತ್ತೆ ಯಂತ್ರದ ವೈರು ಕಟ್ಟುತ್ತಿದ್ದೇನೆ. ಕದ್ದದ್ದು ಉಂಗುರವೋ, ವಾಚೋ, ಸರವೋ ಎಂದು ಒಂದೊಂದಾಗಿ ಹೆಸರಿಸಿದರೆ, ಗೊತ್ತಿದ್ದವನ ಬೆರಳು ಸರಿಯಾದ ಮಾತಿಗೆ ಬೆವರುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ. ಪಟ್ಟಿಯ ಮೊದಲನೆಯದು ಮಾತ್ರ ಲೆಕ್ಕಕ್ಕಿಲ್ಲ. ಹೊಸದಾಗಿ ಕಿವಿಗೆ ಬಿದ್ದ ಮಾತಿಗೆ ಯಾರ ಕೈಯಾದರೂ ಬೆಚ್ಚುತ್ತದೆ. ಮತ್ತೆ, ಅದನ್ನೇ ಹತ್ತು ಸಲ ಕೇಳಿದರೆ ಎಂಥ ಗುಟ್ಟಿನ ಗೆರೆಯೂ ಮಲಗಿಬಿಡುತ್ತದೆ.

ನಾನೂ ಹಾಗೇ ಆಗಿದ್ದೆ. ಬರೀ ಸುಸ್ತು. ವರ್ಗಾವಣೆ ಕೇಳಿದ್ದೆ, ಸಿಕ್ಕಿತ್ತು. ಒಪ್ಪಿಗೆ ಪತ್ರಕ್ಕೆ ಸಂಜೆಯೊಳಗೆ ಸಹಿ ಹಾಕಬೇಕಿತ್ತು.

ನನ್ನ ಜೊತೆ ಕೆಲಸ ಮಾಡುವ ಒಬ್ಬರನ್ನು ಆಫೀಸಿನಲ್ಲಿ ಎಲ್ಲರೂ ಗುಮ್ಮನಗುಸುಕ ಎನ್ನುತ್ತಾರೆ. ದಿನಾ ಬೆಳಿಗ್ಗೆ ಯಂತ್ರ ಪರೀಕ್ಷಿಸಲು ಅವರೇ ಕೂರುತ್ತಾರೆ. ಮನಸ್ಸಿನಲ್ಲಿ ಒಂದು ಅಂಕಿ ಇಟ್ಟುಕೊಳ್ಳುತ್ತಾರೆ, ನಾನು ಅಂಕಿಗಳನ್ನು ಓದುತ್ತೇನೆ. ಈಚೆಗೆ ಅವರ ಗೆರೆ ಏಳುವುದೇ ಇಲ್ಲ. ನನ್ನ ದನಿಯೇ ಹಳಸಿತೇನೋ ಎಂದು ಒಳಗೊಳಗೇ ನೊಂದಿದ್ದೆ. ಅವರ ಮೇಲೆ ನನಗೆ ಮನಸ್ಸಿತ್ತು, ಬಾಯಿಬಿಟ್ಟು ಹೇಳುವ ಶಕ್ತಿ ಇರಲಿಲ್ಲ.

“ಇವತ್ತು ನೀವು ಕೂತ್ಕೊಳ್ಳಿ,” ಎಂದರು. ನನ್ನ ಎಡಗೈ ಬೆರಳಿಗೆ ವೈರು ಕಟ್ಟುವಾಗ ನನ್ನ ಮುಖ ಬಿಟ್ಟು ಉಳಿದೆಲ್ಲವನ್ನೂ ನೋಡಿದರು. ಜೇಬಿನಿಂದ ಚೀಟಿ ತೆಗೆದರು.

“ನಾಳೆಯಿಂದ ಎಲ್ಲಿರ್ತೀರಿ? ಇಲ್ಲೇ, ನನ್ನ ಜೊತೆ.”

ಚೀಟಿ ನೋಡುತ್ತಲೇ ಮುಂದುವರಿಸಿದರು. “ಹೊಸ ಆಫೀಸಲ್ಲಿ. ಅಣ್ಣನ ಮನೇಲಿ. ಹಾಸ್ಟೆಲ್‌ನಲ್ಲಿ.”

ಗೆರೆ ಮೊದಲನೆಯದಕ್ಕೆ ಎದ್ದು ಆಮೇಲೆ ಮಲಗಿತು.

“ಮೊದಲನೇದು ಲೆಕ್ಕಕ್ಕಿಲ್ಲ,” ಎಂದೆ.

“ಗೊತ್ತು. ಅದಕ್ಕೇ ಅಲ್ಲಿಟ್ಟೆ. ನೀವು ಬೇಡ ಅಂದ್ರೂ ಇಬ್ಬರಿಗೂ ಮುಜುಗರ ಇರಲ್ಲ.”

ನಾನು ಆರು ವರ್ಷ ಕಾದದ್ದು ಇಂಥ ಪುಕ್ಕಲನಿಗೆ. ಸಿಟ್ಟೂ ಬಂತು, ಅಳುವೂ ಬಂತು.

“ಮೂರನೇದಾಗಿ ಇಟ್ಟು ಓದಿ.”

ಓದಿದರು. ಗೆರೆ ಎದ್ದಿತು. ಜಾಗ ಬದಲಿಸಿ ಮತ್ತೆ ಓದಿಸಿದೆ, ಮತ್ತೆ ಎದ್ದಿತು. ಏಳನೆಯ ಸಲಕ್ಕೆ ಮಿಸುಕಲಿಲ್ಲ. ಅವರ ಮುಖ ಬಾಡಿತು.

“ಬೇಜಾರಾಯ್ತಾ?” ಎಂದು ಕೇಳಿದರು.

“ಇಲ್ಲ, ಅಭ್ಯಾಸ ಆಯ್ತು. ನಿಮ್ಮ ಗೆರೆ ಯಾಕೆ ಏಳಲ್ಲ, ಅದನ್ನ ಹೇಳಿ.”

“ನಿಮ್ಮ ದನಿ ಕೇಳಿದ್ರೆ ಮನೆಗೆ ಬಂದ ಹಾಗಾಗುತ್ತೆ,” ಎಂದರು. “ಮನೇಲಿ ಯಾರು ಬೆಚ್ಚಿ ಬೀಳ್ತಾರೆ?”

ಒಪ್ಪಿಗೆ ಪತ್ರ ಎಳೆದುಕೊಂಡು ಬಲಗೈಯಲ್ಲಿ ‘ಒಪ್ಪಿಗೆಯಿಲ್ಲ’ ಎಂದು ಬರೆದೆ. ಎಡಗೈಯ ವೈರು ಬಿಚ್ಚಲು ಅವರಿಗೆ ತುಂಬ ಹೊತ್ತು ಹಿಡಿಯಿತು. ನಾನೂ ಅವಸರ ಮಾಡಲಿಲ್ಲ.