ಎಮೆಟ್‌ನ ಅಟ್ಟಣೆ

ನವೆಂಬರ್ ಎಂಟು, ಬುಧವಾರ. ಮಧ್ಯಾಹ್ನ 2.50ಕ್ಕೆ ಷೆರಿಫ್ ಕಚೇರಿಗೆ ವೆರ್ನಾ ಪ್ರಿಬಿಲ್ ಎಂಬಾಕೆಯ ಫೋನು ಬಂತು. ಆಕೆಯ ಗಂಡ ರೋಲಂಡ್ ಶಾಲಾ ಬಸ್ಸಿನ ಚಾಲಕ. ಬೆಳಗಿನ ಸರದಿಗೆ ಬದಲಿ ಜನ ಗೊತ್ತುಮಾಡಿ, ನಸುಕಿನಲ್ಲೇ ಬಿಲ್ಲು ಹಿಡಿದು ಹೋದವನು ಮಧ್ಯಾಹ್ನದ ಬಸ್ಸಿಗೆ ಬಂದಿರಲಿಲ್ಲ.

"ಬೇಟೆಯಲ್ಲಿ ಮೈಮರೆತಿರಬಹುದಲ್ಲ?" ಡಿಟೆಕ್ಟಿವ್ ಮಾರ್ಲಿಸ್ ಹೋಲ್ಟೆ ಕೇಳಿದರು.

"ಊಟ ಮರೀತಾನೆ, ನನ್ನ ಹುಟ್ಟಿದಹಬ್ಬ ಮರೀತಾನೆ. ಹದಿನೆಂಟು ವರ್ಷದಲ್ಲಿ ಬಸ್ಸು ಮಾತ್ರ ಮರೆತಿಲ್ಲ."

ಈ ಸೀಮೆಯಲ್ಲಿ ನವೆಂಬರ್ ಮೊದಲ ವಾರ ಜಿಂಕೆಗಳಿಗೆ ಬೆದೆ ಬರುತ್ತದೆ, ಅರ್ಧ ಕೌಂಟಿಯ ಗಂಡಸರಿಗೆ ಒಟ್ಟಿಗೇ ಸೊಂಟನೋವು ಬಂದು ಕೆಲಸಕ್ಕೆ ರಜೆ ಬೀಳುತ್ತದೆ. ಹೆಣ್ಣಿನ ಜಾಡು ಹಿಡಿದ ಗಂಡು ಜಿಂಕೆ ಹಾಡುಹಗಲೇ ಎಚ್ಚರ ತಪ್ಪಿ ತಿರುಗುವ ಆ ಹದಿನೈದು ದಿನಗಳಿಗಾಗಿ ಇಲ್ಲಿಯವರು ವರ್ಷವಿಡೀ ಕಾಯುತ್ತಾರೆ. ಮಾರ್ಲಿಸ್ ಬೇಟೆಯವರಲ್ಲ. ಅದಕ್ಕೇ ಡೆಪ್ಯುಟಿ ಡ್ವೈಟ್ ಕೋಲ್ಬ್‌ನನ್ನು ಜೊತೆಗೆ ಕರೆದುಕೊಂಡರು.

3.40ಕ್ಕೆ ರೋಲಂಡ್ ಸಿಕ್ಕಿದ. ಅವನ ಮನೆಯ ಪಕ್ಕದ ಜಮೀನು ಆರ್ವಿಡ್ ಸ್ಕಾರ್‌ನದು. ಅದರ ಕಾಡಿನಂಚಿನ ಓಕ್ ಮರದ ಬುಡದಲ್ಲಿ, ಹದಿನಾರು ಅಡಿಯ ಕಬ್ಬಿಣದ ಏಣಿ, ಬೇಟೆಗಾರ ಕೂತು ಕಾಯುವ ತುದಿಯ ಅಟ್ಟಣೆಯ ಸಮೇತ ಅವನ ಮೇಲೆ ಮಗುಚಿತ್ತು. ಸೊಂಟದ ಬೆಲ್ಟನ್ನು ಮರಕ್ಕೆ ಸಿಕ್ಕಿಸುವ ಮೊದಲೇ ಬಿದ್ದಿದ್ದ. ಕುತ್ತಿಗೆ ಮುರಿದು ಪ್ರಾಣ ಹೋಗಿತ್ತು.

"ಏಣಿಯನ್ನ ಮರಕ್ಕೆ ಬಿಗಿಯೋ ಪಟ್ಟಿ ಲಡ್ಡಾಗಿ ಕಿತ್ತುಹೋಗಿರಬೇಕು ಮೇಡಂ," ಎಂದ ಕೋಲ್ಬ್. "ಬಿಸಿಲು, ಹಿಮ ಎಲ್ಲಾ ತಿಂದಿರುತ್ತೆ. ವರ್ಷವರ್ಷ ಬದಲಾಯಿಸಿ ಅಂದ್ರೆ ಯಾರು ಕೇಳ್ತಾರೆ?"

ಪಟ್ಟಿ ಹಳೆಯದಾಗಿರಲಿಲ್ಲ. ಅದರ ತುದಿಯಲ್ಲಿ ಈ ವರ್ಷದ ಆಗಸ್ಟ್ ತಿಂಗಳ ತಾರೀಖು ಬರೆದಿತ್ತು. ಮರದ ಹಿಂಬದಿಯಲ್ಲಿ ಯಾರೋ ಅದನ್ನು ಮುಕ್ಕಾಲು ಪಾಲು ಕೊಯ್ದು, ಉಳಿದದ್ದನ್ನು ಹತ್ತುವವನ ಭಾರಕ್ಕೆ ಬಿಟ್ಟಿದ್ದರು.

"ಯಾರ ಅಟ್ಟಣೆ ಇದು?"

"ಎಮೆಟ್‌ದು. ಆರ್ವಿಡ್ ಮಗ. ರಸ್ತೆಗೆ ಹಾರಿದ ಜಿಂಕೆಗೆ ಕಾರು ಬಡಿದು ಹೋದ, ನಾಲ್ಕು ವರ್ಷ ಆಯ್ತು."

"ಈಗ ಯಾರು ಕೂರ್ತಾರೆ?"

"ಯಾರೂ ಇಲ್ಲ. ಕೇಳದೆ ಇನ್ನೊಬ್ಬರ ಅಟ್ಟಣೆ ನಾವು ಹತ್ತಲ್ಲ ಮೇಡಂ. ಸತ್ತವರದಾದ್ರೆ ಅದರ ಹತ್ತಿರಾನೂ ಸುಳಿಯಲ್ಲ."

"ಯಾರೂ ಕೂರದ ಅಟ್ಟಣೆಗೆ ಹೊಸ ಪಟ್ಟಿ ಯಾಕೆ?"

ಕೋಲ್ಬ್ ಆರ್ವಿಡ್ ಮನೆಯ ಕಡೆ ನೋಡಿದ. ಅವನ ಕೈಗೆ ಮೊದಲು ಬಿಲ್ಲು ಕೊಟ್ಟವನು ಆರ್ವಿಡ್.

4.25ಕ್ಕೆ ಸ್ಥಳ ಮಹಜರು ಮುಗಿಯಿತು. ಎದುರಿನ ಮರಕ್ಕೆ ರೋಲಂಡ್ ಕಟ್ಟಿದ್ದ ಕ್ಯಾಮೆರಾ ಸಿಕ್ಕಿತು, ಮುಂದೆ ಏನು ಅಲುಗಿದರೂ ಚಿತ್ರ ತೆಗೆಯುವಂಥದ್ದು. ಅದರ ಚಿತ್ರಗಳಲ್ಲಿ, ಭಾನುವಾರ ಬೆಳಿಗ್ಗೆ ರೋಲಂಡ್ ಕ್ಷೇಮವಾಗಿ ಹತ್ತಿ ಇಳಿದಿದ್ದ. ಮಂಗಳವಾರ ಮಧ್ಯಾಹ್ನ 3.20ಕ್ಕೆ ಒಂದು ಹೆಣ್ಣು ಜಿಂಕೆ ಕಿವಿ ನಿಮಿರಿಸಿ ನಿಂತಿತ್ತು. ಅದೇ ಕೊನೆಯ ಚಿತ್ರ. ಆಮೇಲೆ ಯಾರೋ ಹಿಂದಿನಿಂದ ಬಂದು ಕ್ಯಾಮೆರಾವನ್ನು ಅದು ಕಟ್ಟಿದ್ದ ಮರದ ಕಾಂಡದ ಕಡೆಗೇ ತಿರುಗಿಸಿದ್ದರು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಸ್ಕಾರ್ ಮನೆಯ ಅಡುಗೆಮನೆಯಲ್ಲಿ ಕೂತಿದ್ದರು. ಆರ್ವಿಡ್‌ನ ಹೆಂಡತಿ ಐಲೀನ್ ಕಾಫಿ ಬಗ್ಗಿಸಿದಳು.

"ಆ ಪಟ್ಟಿ ಕಟ್ಟಿದ್ದು ನೀವಾ?" ಮಾರ್ಲಿಸ್ ಕೇಳಿದರು.

"ಹೂಂ. ಪ್ರತಿ ಆಗಸ್ಟ್ ಬದಲಾಯಿಸ್ತೀನಿ," ಎಂದ ಆರ್ವಿಡ್.

"ಯಾರಿಗೆ?"

"ಮಗ ಹತ್ತಿದ್ರೆ ಬೀಳಬಾರದಲ್ಲ."

ಮಾರ್ಲಿಸ್ ಅದನ್ನು ಬರೆದುಕೊಂಡರು. ಪ್ರಶ್ನೆ ನಿಲ್ಲಿಸುವ ಹಾಗಿರಲಿಲ್ಲ.

"ಮಂಗಳವಾರ ಮೂರು ಗಂಟೆ ಮೇಲೆ ಎಲ್ಲಿದ್ರಿ?"

"ಹಳ್ಳದ ಹತ್ತಿರ, ನನ್ನ ಅಟ್ಟಣೆಯಲ್ಲಿ. ಕತ್ತಲಾಗೋವರೆಗೂ."

"ಏನಾದ್ರೂ ಕಂಡಿತಾ?"

"ಎರಡು ಹೆಣ್ಣು ಜಿಂಕೆ. ಬಿಟ್ಟೆ."

"ರೋಲಂಡ್ ನಿಮ್ಮ ಜಮೀನಿಗೆ ಬರ್ತಿದ್ದದ್ದು ಗೊತ್ತಿತ್ತಾ?"

"ಕಳ್ಳರು ಹೇಳಿ ಬರ್ತಾರಾ?"

ಐಲೀನ್ ಏನೋ ಹೇಳಲು ಬಾಯಿ ತೆರೆದಳು. ಗಂಡನ ಮುಖ ನೋಡಿ ಮತ್ತೆ ಕಾಫಿ ಬಗ್ಗಿಸಿದಳು.

ಜೀಪು ಹತ್ತಿದ ಕೋಲ್ಬ್ ಕೀಲಿ ತಿರುಗಿಸುವ ಮೊದಲೇ ಮಾರ್ಲಿಸ್ ಕಡೆ ತಿರುಗಿದ.

"ಆರ್ವಿಡ್ ಸುಳ್ಳು ಹೇಳಿದ್ರು ಮೇಡಂ. ಮಂಗಳವಾರ ದಿನವಿಡೀ ದಕ್ಷಿಣದ ಗಾಳಿ. ಜಿಂಕೆ ಮಲಗೋ ಪೊದೆ ಹಳ್ಳದ ಅಟ್ಟಣೆಯ ಉತ್ತರಕ್ಕಿದೆ. ಅಲ್ಲಿ ಕೂತ್ರೆ ನಮ್ಮ ಮೈವಾಸನೆ ಸೀದಾ ಅವುಗಳ ಮೂಗಿಗೆ. ಹುಚ್ಚನೂ ಕೂರಲ್ಲ."

"ಮರೆತು ಕೂತಿರಬಹುದಲ್ಲ?"

"ಗಾಳಿ ನೋಡದೆ ಮರ ಹತ್ತಬೇಡ ಅಂತ ನನಗೆ ಕಲಿಸಿದ್ದೇ ಅವರು."

11.15ಕ್ಕೆ ಹಳ್ಳದ ಅಟ್ಟಣೆಯನ್ನು ನೋಡಿದರು. ಕೂರುವ ಹಲಗೆಯ ಮೇಲೆ ನಾಲ್ಕು ಬೆರಳು ದಪ್ಪ ಒದ್ದೆ ಎಲೆ ಬಿದ್ದಿತ್ತು, ಏಣಿಯ ಮೆಟ್ಟಿಲುಗಳ ನಡುವೆ ಜೇಡ ಬಲೆ ಹೆಣೆದಿತ್ತು. ಇತ್ತೀಚೆಗೆ ಯಾರೂ ಅದನ್ನು ಹತ್ತಿರಲಿಲ್ಲ. ಫೋಟೊ ತೆಗೆದು ಎರಡನೆಯ ಮಹಜರು ಬರೆದರು.

ಮಧ್ಯಾಹ್ನ 2.10ಕ್ಕೆ ಮತ್ತೆ ಅದೇ ಅಡುಗೆಮನೆ. ಮೊದಲು ಆರೋಪಿಯ ಹಕ್ಕುಗಳನ್ನು ಓದಿ ಹೇಳಿ, ಆಮೇಲೆ ಮಾರ್ಲಿಸ್ ಫೋಟೊವನ್ನು ಮೇಜಿನ ಮೇಲಿಟ್ಟರು. ಆರ್ವಿಡ್ ಅದನ್ನು ನೋಡಲೇ ಇಲ್ಲ, ಕೋಲ್ಬ್‌ನನ್ನು ನೋಡಿದ.

"ಗಾಳಿ, ಅಲ್ವೇನೋ ಡ್ವೈಟ್?"

"ಹೂಂ. ಗಾಳಿ."

"ಚೆನ್ನಾಗಿ ಕಲಿಸಿಬಿಟ್ಟೆ ನಿನಗೆ."

ಜೇಬಿನಿಂದ ಚಾಕು ತೆಗೆದು ಫೋಟೊದ ಪಕ್ಕ ಇಟ್ಟ.

"ಭಾನುವಾರ ಅವನು ಇಳಿದು ಹೋಗೋದನ್ನ ಬೇಲಿ ಹತ್ತಿರ ನಿಂತು ನೋಡಿದೆ. ನನ್ನ ಮಗ ಕೂತ ಜಾಗ. ನಾನೇ ಕೂತಿಲ್ಲ ನಾಲ್ಕು ವರ್ಷದಿಂದ. ಮೂವತ್ತು ವರ್ಷ ಒಟ್ಟಿಗೆ ಇಸ್ಪೀಟಾಡಿದವನು, ಒಂದು ಮಾತು ಕೇಳಬಾರದಿತ್ತಾ? ಕೇಳಿದ್ರೆ ಅವನ ಬಿಲ್ಲು ನಾನೇ ಹೊತ್ತು ತಂದು ಕೊಡ್ತಿದ್ದೆ."

"ಕೇಳಿದ್ದ," ಎಂದಳು ಐಲೀನ್.

ಆರ್ವಿಡ್ ಅವಳ ಕಡೆ ತಿರುಗಿದ.

"ಅಕ್ಟೋಬರಲ್ಲಿ. ನೀನು ಪೇಟೆಗೆ ಹೋಗಿದ್ದೆ. ಟೋಪಿ ಕೈಯಲ್ಲಿ ಹಿಡ್ಕೊಂಡು ಈ ಬಾಗಿಲಲ್ಲೇ ನಿಂತು ಕೇಳಿದ. ಕೂತ್ಕೋ ಅಂದೆ. ಆ ಖಾಲಿ ಅಟ್ಟಣೆ ನೋಡಿ ನೋಡಿ ನನಗೆ ಸಾಕಾಗಿತ್ತು. ಆರ್ವಿಡ್‌ಗೆ ನಾನೇ ಹೇಳ್ತೀನಿ ಅಂದೆ."

"ಹೇಳಲಿಲ್ಲವಲ್ಲೇ."

"ಎಮೆಟ್ ಅಂದ ಕೂಡಲೇ ನೀನು ಎದ್ದು ಹೊರಗೆ ಹೋಗ್ತಿದ್ದೆ. ಯಾವಾಗ ಹೇಳ್ಲಿ?"

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಈ ಮನೆಯಲ್ಲಿ ಆಡದೆಯೇ ಹೋಗಿತ್ತು. ಆರ್ವಿಡ್ ಎರಡೂ ಕೈ ಮುಂದೆ ಚಾಚಿದ. ಬೇಡಿ ಹಾಕಿದವನು ಕೋಲ್ಬ್. 2.45ಕ್ಕೆ ದಸ್ತಗಿರಿಯಾಯಿತು.

ಸಂಜೆ ಮಾರ್ಲಿಸ್ ವರದಿ ಬರೆಯಲು ಕೂತರು. ತಾರೀಖು, ವೇಳೆ, ಪಟ್ಟಿ, ಚಾಕು ಎಲ್ಲವೂ ಸರಾಗವಾಗಿ ಬಂದವು. ಅಪರಾಧದ ಕಾರಣ ಎಂಬಲ್ಲಿ ಬಂದು ಪೆನ್ನು ನಿಂತಿತು. 'ಸತ್ತ ಮಗನ ಅಟ್ಟಣೆಯಲ್ಲಿ ಕೇಳದೆ ಕೂತನೆಂಬ ಸಿಟ್ಟು' ಎಂದು ಬರೆದರು. ಅಷ್ಟಕ್ಕೆ ಬಿಡಲು ಮನಸ್ಸು ಬರಲಿಲ್ಲ. ರೋಲಂಡ್‌ನ ಹೆಂಡತಿ ವೆರ್ನಾ ಒಂದು ದಿನ ಇದನ್ನು ಓದುತ್ತಾಳೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ ಸಹಿ ಹಾಕಿದರು: 'ರೋಲಂಡ್ ಪ್ರಿಬಿಲ್ ಕೇಳಿಯೇ ಕೂತಿದ್ದ.'