ಉಬ್ಬಿದ ಹೊನ್ನು, ಗಟ್ಟಿ ದೋಣಿ

ಬಹಳ ಹಿಂದೆ, ಟಂಕಗಿರಿ ಎಂಬ ರಾಜ್ಯದ ಹೊಳೆದಂಡೆಯಲ್ಲಿ ಬೀರನೆಂಬ ಅಂಬಿಗನಿದ್ದ. ಹೆತ್ತವರಿಲ್ಲದ ಅವನನ್ನು ಉಣ್ಣಿಸಿ ಬೆಳೆಸಿದವಳು ಮಲ್ಲಜ್ಜಿ. ಆ ಅಜ್ಜಿಯ ಮೊಮ್ಮಗಳು ಚೆಲುವಿಯನ್ನು ಉಬ್ಬರಾಯನೆಂಬ ಮಾಂತ್ರಿಕ ಗಿಣಿ ಮಾಡಿ ಪಂಜರದಲ್ಲಿಟ್ಟಿದ್ದ. ಯುಗಾದಿಗೊಮ್ಮೆ ಮಾತ್ರ ಅದರ ಬೀಗ ತೆಗೆಯುತ್ತಿದ್ದ. "ನೂರು ಹೊನ್ನಿನ ಬೆಲೆ ನನ್ನ ತಕ್ಕಡಿಗೆ ಬೀಳಲಿ, ಬಿಡ್ತೀನಿ" ಎಂದು ಆಣೆಯಿಟ್ಟಿದ್ದ. ಅದು ಭಾರವನ್ನಲ್ಲ, ನಿಜವಾದ ಬೆಲೆಯನ್ನು ತೂಗುವ ಮಾಯಾ ತಕ್ಕಡಿ.

ಅಜ್ಜಿ ಕಾಸಿಗೆ ಕಾಸು ಕೂಡಿಸಿ ನೂರು ಹೊನ್ನು ಮಾಡಿದಳು. ಅಷ್ಟರಲ್ಲಿ ಬೀರನ ದೋಣಿ ನೆರೆಗೆ ಕೊಚ್ಚಿಹೋಯಿತು.

"ತಗೋ ಮಗಾ, ಹೊಸ ದೋಣಿ ಮಾಡಿಸ್ಕೋ. ಯುಗಾದಿಯೊಳಗೆ ಕೊಟ್ಟರಾಯ್ತು" ಅಂದಳು. ಅರಮನೆಯಲ್ಲಿ ಸಾಲದ ಪತ್ರವೂ ಆಯಿತು, ಆ ನೂರು ಹೊನ್ನಿಗೆ ಗಟ್ಟಿ ದೋಣಿಯೂ ಆಯಿತು.

ಇದು ಉಬ್ಬರಾಯನ ಕಿವಿಗೆ ಬಿತ್ತು. ಅಜ್ಜಿಗೆ ಮರಳುವ ನೂರಕ್ಕೆ ಬೆಲೆಯೇ ಇರಬಾರದೆಂದು, ಸೀದಾ ಹೊನ್ನು ಅಚ್ಚು ಹಾಕುವ ಟಂಕಸಾಲೆಗೆ ಹೋಗಿ "ಉಫ್!" ಎಂದು ಊದಿದ. ರಾಜ್ಯದ ಹೊನ್ನೆಲ್ಲ ಕಡ್ಲೆಪುರಿಯಂತೆ ಉಬ್ಬಿತು. "ನಮ್ಮ ಹೊನ್ನು ದಪ್ಪಗಾಯ್ತು!" ಎಂದು ಜನ ಕುಣಿದರು. ಪೆದ್ದ ಜನ! ಮರುದಿನ ಸಂತೆಯಲ್ಲಿ ನೂರು ಹೊನ್ನಿಗೆ ಒಂದು ಕಟ್ಟು ಸೊಪ್ಪು.

ನೂರು ಹೊನ್ನು ಗಳಿಸುವುದು ಈಗ ಬೀರನಿಗೆ ಒಂದು ಹೊತ್ತಿನ ಕೆಲಸ. ಆದರೂ ಮನಸ್ಸು ಒಪ್ಪಲಿಲ್ಲ. ಅರಮನೆ ಬಾಗಿಲಲ್ಲಿ ನ್ಯಾಯ ಹೇಳುವ ಕಲ್ಲಿನ ಸಿಂಹವನ್ನು ಕೇಳಿದ.

"ಪತ್ರದಲ್ಲಿ ನೂರು ಅಂತಿದೆ. ನೂರು ಎಣಿಸಿ ಕೊಡು, ಸಾಲ ತೀರಿತು" ಎಂದಿತು ಸಿಂಹ.

"ಸಾಲ ತೀರಬಹುದು ಸ್ವಾಮಿ, ಅನ್ನದ ಋಣ?" ಅಂದ ಬೀರ.

ಹೊಳೆಯಲ್ಲಿ ಮೊಸಳೆ ತಲೆಯೆತ್ತಿತು. "ಕಾನೂನೇ ಬಿಟ್ಟಿರೋವಾಗ ನಿನಗ್ಯಾಕೋ ಉಸಾಬರಿ?"

"ಕಾನೂನು ನನಗೆ ತುತ್ತು ಇಟ್ಟಿಲ್ಲ, ಅಜ್ಜಿ ಇಟ್ಟಿದ್ದಾಳೆ" ಎಂದು ಹುಟ್ಟು ಹಾಕಿದ.

ಕೊನೆಗೆ ಅಜ್ಜಿಯೇ ಎದುರು ನಿಂತಳು. ಅವನು ಗಳಿಸಿ ತಂದ ಉಬ್ಬಿದ ಹೊನ್ನನ್ನು ಅಂಗೈಲಿ ತೂಗಿ ನೋಡಿದಳು. ಕಣ್ಣು ತುಂಬಿತು, ಆದರೂ ನಕ್ಕಳು. "ನೂರಿದೆಯಲ್ಲ ಮಗಾ, ಸಾಕು. ನೀನೇನು ಮಾಡ್ತೀಯ, ಕಾಲವೇ ಹಾಗಿದೆ."

ಸಿಂಹಕ್ಕೆ, ಮೊಸಳೆಗೆ ಉತ್ತರ ಕೊಟ್ಟವನು ಇಲ್ಲಿ ಅಜ್ಜಿಯ ಕೈ ಹಿಡಿದುಕೊಂಡ. "ಅಜ್ಜೀ, ನೀನು ಕೊಟ್ಟಿದ್ದು ಇಂಥ ಪೊಳ್ಳು ಹೊನ್ನಾ? ಒಂದು ದೋಣಿ ಆಗುವಷ್ಟು ಗಟ್ಟಿ ಹೊನ್ನು. ದೋಣಿಯೇ ನಿನ್ನದು, ನಡಿ!"

ಯುಗಾದಿಯ ದಿನ ಉಬ್ಬರಾಯನ ತಕ್ಕಡಿಗೆ ಬೀರ ನೂರು ಹೊನ್ನು ಸುರಿದ. ಮುಳ್ಳು ಅಲ್ಲಾಡಲಿಲ್ಲ. ಮಾಂತ್ರಿಕ ಹೊಟ್ಟೆ ಹಿಡಿದು ನಕ್ಕ. ಬೀರ ಹೊನ್ನನ್ನು ಕೊಡವಿ, ದೋಣಿಯನ್ನು ಎಳೆದು ತಟ್ಟೆಗೆ ಹಾಕಿದ. ಧಡ್! ತಟ್ಟೆ ನೆಲಕ್ಕೆ ತಾಗಿತು.

"ಬರೀ ನೂರು ಕೊಟ್ಟು ಕೈ ತೊಳೆಯಬಹುದಿತ್ತಲ್ಲೋ!" ಎಂದು ಉಬ್ಬರಾಯ ಕಿರುಚಿದ. ಬೀಗ ಕಳಚಿತು. ಗಿಣಿ ಚೆಲುವಿಯಾಗಿ ಅಜ್ಜಿಯ ಕೊರಳಿಗೆ ಬಿದ್ದಳು. ಊದಿದ ಗಾಳಿಯೆಲ್ಲ ಮಾಂತ್ರಿಕನ ಹೊಟ್ಟೆಗೇ ತಿರುಗಿ ಬಂತು. ಅವನು ಉಬ್ಬಿ, ಉಬ್ಬಿ, ಮೋಡದಾಚೆ ತೇಲಿಹೋದ; ದೋಣಿ ತಟ್ಟೆಯಲ್ಲೇ ಉಳಿಯಿತು. ರಾಜ್ಯದ ಹೊನ್ನು ಮೊದಲಿನಂತೆ ಗಟ್ಟಿಯಾಯಿತು.

ಕಲ್ಲಿನ ಸಿಂಹವೂ ಅಂದಿನಿಂದ ಸಾಲದ ನ್ಯಾಯಕ್ಕೆ ಬಂದವರನ್ನು ಎಷ್ಟು ಹೊನ್ನು ಎಂದು ಕೇಳಿದ ಮೇಲೆ, ಸಾಲ ಕೊಟ್ಟ ದಿನ ಆ ಹೊನ್ನಿಗೆ ಏನು ಬರುತ್ತಿತ್ತು ಎಂದೂ ಕೇಳತೊಡಗಿತು.

ಎಲ್ಲರೂ ಸುಖವಾಗಿದ್ದರು. ದೋಣಿ ಅಜ್ಜಿಯದು, ಹುಟ್ಟು ಬೀರನದು. ದಿನಾ ಮೊದಲ ಸಲ ಹೊಳೆ ದಾಟುವಾಗ ಅವನು ದಡದಲ್ಲಿ ನಿಂತ ಅಜ್ಜಿಗೆ ಕೈಮುಗಿಯುತ್ತಿದ್ದ.

"ಋಣ ತೀರಿತಲ್ಲೋ, ಇನ್ನೂ ಯಾಕೆ?" ಎಂದು ಅಜ್ಜಿ ರೇಗುತ್ತಿದ್ದಳು.

"ದೋಣಿಯದು ತೀರಿತಜ್ಜಿ. ತುತ್ತಿನದು ತೀರಿಸೋಕೆ ನನಗೆ ಇಷ್ಟ ಇಲ್ಲ" ಅನ್ನುತ್ತಿದ್ದ ಬೀರ.